ಸಾಸೇಜಿನ ಸಹಿ

ವರ್ಲೀನ್ ಟಬ್ಸ್ ಆ ಒಪ್ಪಂದಕ್ಕೆ ಸಹಿ ಹಾಕಿದ್ದು ಸಾಸೇಜಿನಿಂದ. ಹಾಕಿದ ಮೇಲೆ ಅದೇ ಸಾಸೇಜನ್ನು ತಿಂದಳು. ಹಸಿವಾಗಿತ್ತು, ತಿಂದಳು. ಅದು ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾಗಬೇಕಾದ ವಸ್ತು ಎಂದು ಅವಳಿಗೇನು ಗೊತ್ತು? ಗೊತ್ತಿದ್ದರೂ ತಿನ್ನುತ್ತಿದ್ದಳೇನೋ. ಸೊಂಟದ ಮೂಳೆ ಮುರಿದವಳನ್ನು ಆಸ್ಪತ್ರೆಯಿಂದ ವ್ಯಾನಿನಲ್ಲಿ ತಂದು ಇಳಿಸಿದ್ದರು. ಬೆಳಿಗ್ಗೆಯಿಂದ ನೋವಿನ ಮಾತ್ರೆ ಬಿಟ್ಟರೆ ಹೊಟ್ಟೆಗೆ ಬೇರೇನೂ ಬಿದ್ದಿರಲಿಲ್ಲ.

ಇಳಿಸಿದ ಜಾಗದ ಹೆಸರು ಸೈಪ್ರೆಸ್ ಲ್ಯಾಂಟರ್ನ್. ಮಿಸಿಸಿಪ್ಪಿಯ ಡೆಲ್ಟಾದಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ಕೈಲಾಗದ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಆರೈಕೆ ಮನೆ. ಅಲ್ಲಿ ಸೈಪ್ರೆಸ್ ಮರವೂ ಇಲ್ಲ, ಲಾಂದ್ರವೂ ಇಲ್ಲ. ಆರೈಕೆ ಇತ್ತೇ ಎಂದು ಈಗಲೇ ಕೇಳಬೇಡಿ, ಅಲ್ಲಿಗೇ ಬರುತ್ತಿದ್ದೇನೆ.

ವರ್ಲೀನ್ ಕ್ಯಾಟ್‌ಫಿಶ್ ಕಾರ್ಖಾನೆಯಲ್ಲಿ ದುಡಿದು ಮುದುಕಿಯಾದವಳು. ಬೆಲ್ಟಿನ ಮೇಲೆ ಮೀನು ಬರುತ್ತದೆ. ಕತ್ತಿ ಹಾಕಬೇಕು, ಚರ್ಮ ಸುಲಿಯಬೇಕು, ಮುಳ್ಳಿನಿಂದ ಮಾಂಸ ಬಿಡಿಸಬೇಕು. ಅಷ್ಟರಲ್ಲಿ ಇನ್ನೊಂದು ಬರುತ್ತದೆ. ಕಾಲು ಐಸು ನೀರಿನಲ್ಲಿ, ಕೈ ಲೋಳೆಯಲ್ಲಿ. ಉಚ್ಚೆಗೆ ಹೋಗಬೇಕೆಂದರೆ ಕೈಯೆತ್ತಿ ಸೂಪರ್‌ವೈಸರನ ಮುಖ ನೋಡಬೇಕು. ಅವನು ಗೋಡೆ ನೋಡುತ್ತಾನೆ. ಹಾಗೆ ನಿಂತೂ ನಿಂತೂ ಅವಳ ಬೆರಳುಗಳು ಕೊಕ್ಕೆಗಳಾದವು. ತುದಿಯ ಗೆರೆಗಳು ಸವೆದು, ಚರ್ಮ ಸತ್ತು, ದಪ್ಪಗಾಯಿತು. ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವ ಯಂತ್ರ ಬಂದಾಗ ಅದು ಅವಳನ್ನು ಗುರುತಿಸಲೇ ಇಲ್ಲ. ಕಣ್ಣೆದುರು ಮೀನು ಸುಲಿಯುತ್ತಿದ್ದವಳನ್ನು ಗೈರುಹಾಜರೆಂದು ಬರೆದುಕೊಂಡರು. ಯಂತ್ರಗಳ ಪಾಲಿಗೆ ವರ್ಲೀನ್ ಎಂಬ ಹೆಂಗಸು ಈ ಭೂಮಿಯ ಮೇಲೆ ಇರಲೇ ಇಲ್ಲ.

ಸೈಪ್ರೆಸ್ ಲ್ಯಾಂಟರ್ನ್‌ನಲ್ಲೂ ಅದೇ ಕತೆ. ಅವಳ ಹಾಸಿಗೆಯ ಪಕ್ಕದಲ್ಲೇ ಗಾಲಿಕುರ್ಚಿ ನಿಲ್ಲಿಸಿದರು, ಹಾಸಿಗೆಗೆ ಏರಿಸಲಿಲ್ಲ. ಹೊಸಬರನ್ನು ಸೇರಿಸಿಕೊಳ್ಳುವ ಕೆಲಸದ ಹುಡುಗಿ ಶಾಂಡ್ರಿಯಾ ಒಂದು ಟ್ಯಾಬ್ ಹಿಡಿದು ಬಂದಳು. ಪರಕೀಯಳೇನಲ್ಲ. ಅವಳಜ್ಜಿ ಬೆಲ್ಟಿನಲ್ಲಿ ವರ್ಲೀನಳ ಎಡಮಗ್ಗುಲಿಗೆ ನಿಂತು ದುಡಿದವಳು.

"ಮಿಸ್ ವರ್ಲೀನ್, ಇಲ್ಲಿ ಬೆರಳಲ್ಲೊಂದು ಸೈನ್ ಹಾಕ್ಬಿಡಿ."

"ಏನೇ ಅದು?"

"ಸುಮ್ನೆ ಪೇಪರ್ ಕೆಲ್ಸ. ಎಲ್ರೂ ಹಾಕ್ತಾರೆ. ಇದಾಗ್ಲಿಲ್ಲ ಅಂದ್ರೆ ಬೆಡ್ ಕೊಡೋಹಂಗಿಲ್ಲ."

ಹಸಿ ಸುಳ್ಳು. ಮುಂದೆ ಏನೇ ಜಗಳ ಬಂದರೂ ಕೋರ್ಟಿಗೆ ಹೋಗುವುದಿಲ್ಲ, ಮಧ್ಯಸ್ಥನೊಬ್ಬನ ಮುಂದೆ ಬಾಗಿಲು ಹಾಕಿಕೊಂಡು ತೀರಿಸಿಕೊಳ್ಳುತ್ತೇವೆ ಎಂದು ಬರೆಸಿಕೊಳ್ಳುವ ಕಾಗದ ಅದು. ಅದಕ್ಕೆ ಸಹಿ ಹಾಕದಿದ್ದರೂ ಹಾಸಿಗೆ ಕೊಡಲೇಬೇಕು. ಹಾಕಿದ್ದರೂ ಒಂದು ತಿಂಗಳೊಳಗೆ ವಾಪಸು ತೆಗೆದುಕೊಳ್ಳಬಹುದು. ಸರ್ಕಾರದ ನಿಯಮವೇ ಹಾಗಿದೆ. ಆ ಹಕ್ಕುಗಳ ಪಟ್ಟಿಗೆ ಚೌಕಟ್ಟು ಹಾಕಿಸಿ ಹಜಾರದ ಗೋಡೆಗೆ ನೇತುಹಾಕಿದ್ದರು ಕೂಡ. ಅದರ ಮುಂದೊಂದು ಪ್ಲಾಸ್ಟಿಕ್ ಗಿಡ ಇಟ್ಟಿದ್ದರು. ಗಾಲಿಕುರ್ಚಿಯಲ್ಲಿ ಕೂತವರಿಗೆ ಕಾಣುತ್ತಿದ್ದುದು ಮೇಲಿನ ಒಂದೇ ಸಾಲು: 'ನಿಮಗೆ ಹಕ್ಕುಗಳಿವೆ.' ಅದರ ಕೆಳಗೆ ಬರೀ ಎಲೆ.

ವರ್ಲೀನ್ ಬೆರಳೊತ್ತಿದಳು. ಟ್ಯಾಬ್ ಅಲ್ಲಾಡಲಿಲ್ಲ. ಉಗುಳು ಹಚ್ಚಿ ಒತ್ತಿದಳು. ಎಡಗೈಯಲ್ಲಿ ಒತ್ತಿದಳು. ಗೆಣ್ಣಿನಿಂದ ಗುದ್ದಿದಳು. ಪರದೆ ಖಾಲಿ. ಶಾಂಡ್ರಿಯಾಳಿಗೆ ಬೆವರು. ಸಹಿ ಬೀಳದಿದ್ದರೆ ಆಡಳಿತಾಧಿಕಾರಿ ಕ್ವಿಲ್‌ನ ಕಂಪ್ಯೂಟರಿನಲ್ಲಿ ಕೆಂಪು ಗೆರೆ ಬರುತ್ತದೆ, ಕೆಂಪು ಗೆರೆ ಬಂದರೆ ಅವಳ ಹೆಸರು ಹಿಡಿದು ಕೂಗುತ್ತಾನೆ.

ಪಕ್ಕದ ಹಾಸಿಗೆಯಲ್ಲಿ ಮಿಸ್ ಒಪಲ್ ಇದ್ದಳು, ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿ ಬೇಯಿಸಿ ಸೋತ ಮುದುಕಿ. ಅವಳ ತಟ್ಟೆಯಲ್ಲಿ ಜೋಳದ ಗಂಜಿಯ ಪಕ್ಕ ಒಂದೇ ಒಂದು ಸಾಸೇಜು ಕೂತಿತ್ತು. ಕಾರ್ಖಾನೆಯ ಶೀತಲ ಕೋಣೆಯಲ್ಲಿ ಹೆಂಗಸರು ಕೈಗವಸು ಬಿಚ್ಚಲಾರದೆ ಫೋನು ಒತ್ತುತ್ತಿದ್ದುದೇ ಬುತ್ತಿಯ ಸಾಸೇಜಿನಿಂದ. ಬೆರಳನ್ನು ಒಪ್ಪದ ಗಾಜು ಸಾಸೇಜನ್ನು ಒಪ್ಪುತ್ತದೆ. ಅಜ್ಜಿ ಕಲಿಸಿದ್ದು ಮೊಮ್ಮಗಳಿಗೆ ನೆನಪಾಯಿತು. ಶಾಂಡ್ರಿಯಾ ಸಾಸೇಜೆತ್ತಿ ವರ್ಲೀನಳ ಮುಷ್ಟಿಗೆ ತುರುಕಿದಳು. ಮುಷ್ಟಿಯನ್ನು ತನ್ನ ಕೈಯಲ್ಲಿ ಹಿಡಿದು ಎಳೆದಳು. ದುಂಡಗೆ, ಮುದ್ದಾಗಿ, ಕೊನೆಗೊಂದು ಬಳ್ಳಿಯ ಸುರುಳಿಯೊಂದಿಗೆ ಪರದೆಯ ಮೇಲೆ ಹೆಸರು ಮೂಡಿತು.

"ಏಯ್! ನನ್ ಸಾಸೇಜು ಕಣೇ ಅದು!" ಒಪಲ್ ಕೂಗಿದಳು.

"ಒಂದ್ ನಿಮಿಷ, ಮಿಸ್ ಒಪಲ್," ಎಂದು ಶಾಂಡ್ರಿಯಾ ಹೊರಟೇಹೋದಳು. ವರ್ಲೀನ್ ಕೈಯಲ್ಲಿದ್ದುದನ್ನು ನೋಡಿದಳು. ಮಾತ್ರೆಯ ಮಂಪರು. ಬಾಯಿಗಿಟ್ಟಳು.

ಒಂದು ನಿಮಿಷ. ಆ ಮನೆಯಲ್ಲಿ ಎಲ್ಲದಕ್ಕೂ ಅದೇ ಉತ್ತರ. ಗಂಟೆ ಒತ್ತಿದರೆ ಬಾಗಿಲಲ್ಲಿ ಒಂದು ತಲೆ ಕಾಣುತ್ತದೆ: "ಒಂದ್ ನಿಮಿಷ, ಮಿಸ್ ವರ್ಲೀನ್." ತಲೆ ಮಾಯ. ಉಚ್ಚೆ ಬರುತ್ತದೆ, ಹಾಸಿಗೆ ಒದ್ದೆಯಾಗುತ್ತದೆ, ಒದ್ದೆ ತಣ್ಣಗಾಗುತ್ತದೆ, ಬಟ್ಟೆ ಮೈಗೇ ಅಂಟಿ ಒಣಗುತ್ತದೆ. ಆ ಹುಡುಗಿಯರನ್ನು ಬೈದು ಫಲವಿಲ್ಲ. ಇಡೀ ಸಾಲು ಕೋಣೆಗಳಿಗೆ ಒಬ್ಬಳು ಹುಡುಗಿ, ಅವಳಿಗೂ ಸೊಂಟನೋವು. ಬೆಲ್ಟನ್ನು ಯಾರೋ ಬೇಕೆಂದೇ ಜೋರಾಗಿ ಬಿಟ್ಟಿದ್ದಾರೆ ಎಂದು ವರ್ಲೀನಳಿಗೆ ಮೊದಲ ವಾರವೇ ಗೊತ್ತಾಯಿತು. ಈ ಸಲ ಬೆಲ್ಟಿನ ಮೇಲಿದ್ದ ಮೀನು ಅವಳೇ.

ಅವಳನ್ನು ಮಗ್ಗುಲು ಬದಲಿಸಿ ಮಲಗಿಸುವವರಿರಲಿಲ್ಲ. ಬಲಗಾಲಿನ ಹಿಮ್ಮಡಿ ಹಾಸಿಗೆಗೆ ಒತ್ತಿ ಒತ್ತಿ ಕೆಂಪಾಯಿತು, ಹುಣ್ಣಾಯಿತು, ಕಪ್ಪಾಯಿತು. ತೋರಿಸಿದಳು. ಒಂದು ನಿಮಿಷ ಎಂದರು. ಒಂದು ದಿನ ಒಪಲ್ ಮೂಗು ಮುಚ್ಚಿಕೊಂಡು, "ವರ್ಲೀನ್, ಕಾರ್ಖಾನೇನ ಇಲ್ಲಿಗೂ ಹೊತ್ಕೊಂಡ್ ಬಂದ್ಯಾ? ಮೀನು ಕೊಳೆತ ವಾಸ್ನೆ," ಎಂದಳು. ಕೊಳೆತ ವಾಸನೆ ವರ್ಲೀನಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಮೀನಿನದಲ್ಲ ಎಂದು ಅವಳಿಗೆ ತಿಳಿದಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ವಾಪಸು ಬಂದಾಗ ಮಂಚಕ್ಕೊಂದು ಬಲೂನು ಕಟ್ಟಿದ್ದರು. ಕ್ವಿಲ್ ಕಳಿಸಿದ್ದು. ಬಲೂನಿನ ಮೇಲೆ 'ಬೇಗ ಎದ್ದು ಓಡಾಡಿ' ಎಂದಿತ್ತು.

ವರ್ಲೀನ್ ಬಹಳ ಹೊತ್ತು ಬಲೂನನ್ನು ನೋಡಿದಳು. ಆಮೇಲೆ ಕೌಂಟಿಯ ಕೋರ್ಟಿಗೆ ಹೋಗುತ್ತೇನೆ ಎಂದಳು. ಬಡವರ ಕೇಸು ಹಿಡಿಯುವ ಲಾಯರ್ ಗ್ಯಾಡಿಸ್ ಬಂದ, ಕಾಲು ನೋಡಿದ, ಹಲ್ಲು ಕಚ್ಚಿಕೊಂಡು ಬರೆದುಕೊಂಡ. ಅವಳಿಗೆ ಬೇಕಾಗಿದ್ದುದು ಒಂದೇ: ಊರಿನ ಹನ್ನೆರಡು ಜನ ತೀರ್ಪು ಹೇಳುವ ಜ್ಯೂರಿಯ ಕಟ್ಟೆಯಲ್ಲಿ ಕೂತು ಅವಳ ಕಾಲಿನ ಕತೆ ಕೇಳಬೇಕು. ನಾಳೆ ಅವರ ತಾಯಂದಿರೂ ಅದೇ ಹಾಸಿಗೆಗೆ ಬರುವವರು. ಅವಳಮ್ಮನ ಕಾಲದಲ್ಲಿ ಆ ಕಟ್ಟೆಯ ಮೇಲೆ ಅವಳಂಥ ಕರಿಯರನ್ನು ಕೂರಿಸುತ್ತಿರಲಿಲ್ಲ. ಅಲ್ಲಿ ಕೂರುವುದಕ್ಕೆ ಒಂದು ತಲೆಮಾರು ಪೊಲೀಸರ ಲಾಠಿ ತಿಂದಿತ್ತು, ಅವರ ನಾಯಿಯ ಹಲ್ಲು ತಿಂದಿತ್ತು. ವರ್ಲೀನ್ ಒಮ್ಮೆ ಕೂತಿದ್ದಳು, ಯಾರದೋ ಟ್ರ್ಯಾಕ್ಟರ್ ಕದ್ದ ಕೇಸಿಗೆ. ಚರ್ಚಿನ ಟೋಪಿ ಹಾಕಿಕೊಂಡು ಹೋಗಿ ಕೂತಿದ್ದಳು. ಅವಳ ಜೀವಮಾನದಲ್ಲಿ ದೊಡ್ಡವರು ಅವಳು ಏನನ್ನುತ್ತಾಳೆ ಎಂದು ಕಾದದ್ದು ಅದೊಂದೇ ಸಲ.

ಸೈಪ್ರೆಸ್ ಲ್ಯಾಂಟರ್ನ್ ನಡೆಸುವ ಕಂಪನಿಯ ಉತ್ತರ ಬಂತು. ಕೋರ್ಟಿಲ್ಲ, ಜ್ಯೂರಿಯಿಲ್ಲ, ನೀವು ಸಹಿ ಹಾಕಿದ್ದೀರಿ. ಜಗಳವನ್ನು ದೂರದ ಊರಿನ ಹೋಟೆಲಿನ ಕೋಣೆಯಲ್ಲಿ ಮಧ್ಯಸ್ಥರು ತೀರ್ಮಾನಿಸುತ್ತಾರೆ. ಮಧ್ಯಸ್ಥರ ಪಟ್ಟಿ ನಮ್ಮಲ್ಲಿದೆ. ತೀರ್ಮಾನ ಏನಾಯಿತೆಂದು ಹೊರಗೆ ಹೇಳುವ ಹಾಗಿಲ್ಲ. ಜೊತೆಗೆ ಆ ದುಂಡು ಸಹಿಯ ಪ್ರತಿ.

"ಇದ್ಯಾರ್ದು?" ಎಂದಳು ವರ್ಲೀನ್.

"ನಿಮ್ದಂತೆ," ಎಂದ ಗ್ಯಾಡಿಸ್.

"ನನ್ ಕೈಲಿ ಚಮಚಾನೇ ನಿಲ್ಲಲ್ಲ. ಈ ಬಳ್ಳಿ ನಾನ್ ಬರಿತೀನಾ?" ಎಂದವಳೇ ತಟ್ಟನೆ ನಿಲ್ಲಿಸಿದಳು. ಒಪಲ್ ಕಡೆ ತಿರುಗಿದಳು. ಒಪಲ್ ಆ ದಿನದಿಂದ ಒಂದೇ ರಾಗ ಹಾಡುತ್ತಿದ್ದಳು, ಅವಳಿಗೆ ಅರಳುಮರಳು ಎಂದು ಎಲ್ಲರೂ ನಕ್ಕು ಬಿಟ್ಟಿದ್ದರು.

"ನನ್ ಸಾಸೇಜಲ್ಲಿ ಬರೆದಿದ್ದು," ಎಂದಳು ಒಪಲ್. "ಕೇಳೋರ್ ಯಾರು ನನ್ನ?"

ಗ್ಯಾಡಿಸ್ ಪೆನ್ನು ಕೆಳಗಿಟ್ಟ. ಅವನು ಕಾನೂನು ಓದಿದ್ದ. ಸಾಸೇಜಿನ ಪಾಠ ಅದರಲ್ಲಿರಲಿಲ್ಲ.

ವಿಚಾರಣೆಗೆ ಮೊದಲು ಕ್ವಿಲ್ ಒಂದು ಕೇಕು ಹಿಡಿದು ಬಂದ. ತೆಳ್ಳಗಿನ ಬಿಳಿಯ, ಸದಾ ನಗುಮುಖ. ಕೇಕಿನ ತಟ್ಟೆಯ ಕೆಳಗೆ ಒಂದು ಕಾಗದ.

"ಮಿಸ್ ವರ್ಲೀನ್, ನೋಡಿ, ನಾವೆಲ್ಲಾ ಒಂದೇ ಕುಟುಂಬ. ಕಿಟಕಿ ಇರೋ ರೂಮು ಖಾಲಿಯಾಗಿದೆ. ನಿಮಗೇ ಅಂತ ಇಟ್ಟಿದೀನಿ. ಹಳೇ ಸಹೀನ ಇನ್ನೊಂದ್ಸಲ ಖಾತ್ರಿ ಮಾಡ್ಬಿಟ್ರೆ ಮುಗೀತು."

"ಹಳೇ ಸಹಿ ನಂದೇ ಅಲ್ವಾ?"

"ನಿಮ್ದೇ, ನಿಮ್ದೇ. ಸಂಶಯಾನೇ ಇಲ್ಲ."

"ಸಂಶಯ ಇಲ್ದಿದ್ರೆ ಖಾತ್ರಿ ಯಾಕಪ್ಪ?"

ಕ್ವಿಲ್ ನಗುತ್ತಲೇ ಇದ್ದ. ಮುಖದಲ್ಲಿ ನಗು ಹಾಗೆಯೇ ನಿಂತಿತ್ತು, ಕಣ್ಣು ಮಾತ್ರ ಬಾಗಿಲ ಕಡೆ. "ಕಿಟಕಿಯಿಂದ ಹೊರಗೆ ಚೆನ್ನಾಗಿ ಕಾಣತ್ತೆ," ಎಂದ.

"ಏನ್ ಕಾಣತ್ತೆ?"

"ಪಾರ್ಕಿಂಗು."

"ಕೇಕ್ ಇಟ್ಟು ಹೋಗು," ಎಂದಳು ವರ್ಲೀನ್. "ಕಾಗದ ತಗೊಂಡ್ ಹೋಗು. ನಾನು ಹಾಕಲ್ಲ. ಇವತ್ತೂ ಹಾಕಲ್ಲ, ಸತ್ತ ಮೇಲೂ ಹಾಕಲ್ಲ. ನನ್ ಹೆಣದ ಕೈಗೂ ಸಾಸೇಜ್ ಕೊಟ್ಟೀಯ, ಹುಷಾರು."

ಕ್ವಿಲ್ ಕೇಕನ್ನೂ ತೆಗೆದುಕೊಂಡು ಹೋದ. ಒಪಲ್‌ಗೆ ಅದೊಂದು ಹೊಸ ದೂರಾಯಿತು.

ಕೋರ್ಟಿನ ಮುಂದೆ ಒಬ್ಬ ಕಲ್ಲಿನ ಸೈನಿಕ ನಿಂತಿದ್ದಾನೆ, ಹಿಂದಿನ ಅಂತರ್ಯುದ್ಧದಲ್ಲಿ ನಮ್ಮ ಕರಿಯರನ್ನು ಗುಲಾಮರಾಗಿಯೇ ಇಟ್ಟುಕೊಳ್ಳಲು ಹೋರಾಡಿ ಸೋತವನು. ಸೋತರೂ ಇಳಿಸಿಲ್ಲ. ಅವನ ಪಕ್ಕದಿಂದ ಇಬ್ಬರು ಮುದುಕಿಯರ ಗಾಲಿಕುರ್ಚಿಗಳು ಒಳಗೆ ಹೋದವು. ಜಡ್ಜ್ ಮೆಕ್‌ನೇರ್ ಎಂಬ ಹೆಂಗಸು ಪೀಠದಲ್ಲಿದ್ದಳು. ಕಾಲಿನ ವಿಚಾರ ಇವತ್ತಿಲ್ಲ ಎಂದಳು. ಸಹಿ ಇವರದೋ ಅಲ್ಲವೋ, ಅದೊಂದೇ ಪ್ರಶ್ನೆ. ಇವರದಾದರೆ ಕೇಸು ಹೋಟೆಲಿನ ಕೋಣೆಗೆ, ಅಲ್ಲದಿದ್ದರೆ ಜ್ಯೂರಿಯ ಮುಂದೆ.

ಕಂಪನಿಯ ವಕೀಲ ಹಾಲ್‌ಬ್ರುಕ್ ವಿಮಾನದಲ್ಲಿ ಬಂದಿದ್ದ. ಪಕ್ಕದಲ್ಲಿ ಕ್ವಿಲ್, ಅವನ ಪಕ್ಕದಲ್ಲಿ ಶಾಂಡ್ರಿಯಾ. ಮಿಸ್ ವರ್ಲೀನ್ ತಾವಾಗಿಯೇ ಸಂತೋಷದಿಂದ ಸಹಿ ಹಾಕಿದರು ಎಂದು ಅವಳು ಹೇಳಬೇಕಿತ್ತು. ಹೇಳಿದಳು. ನೆಲ ನೋಡಿಕೊಂಡು ಹೇಳಿದಳು.

ಗ್ಯಾಡಿಸ್ ಒಪಲ್‌ಳನ್ನು ಕರೆದ.

"ಆವತ್ತು ಏನ್ ನೋಡಿದ್ರಿ, ಮಿಸ್ ಒಪಲ್?"

"ನನ್ ಸಾಸೇಜು ಕದ್ರು."

ಕೋರ್ಟು ನಕ್ಕಿತು. ಹಾಲ್‌ಬ್ರುಕ್ ನಗಲಿಲ್ಲ, ಎದ್ದು ನಿಂತ. "ಯುವರ್ ಆನರ್, ಆಕ್ಷೇಪಣೆ ಇದೆ. ಮಿಸ್ ಒಪಲ್ ಅವರೂ ಇದೇ ಒಪ್ಪಂದಕ್ಕೆ ಸಹಿ ಹಾಕಿದಾರೆ. ಸಾಸೇಜ್ ಹೋಯ್ತು ಅನ್ನೋದು ಸಂಸ್ಥೆಯ ಮೇಲಿನ ತಕರಾರು. ಅದು ಈ ಕೋರ್ಟಿಗೆ ಬರೋಹಾಗಿಲ್ಲ, ಮಧ್ಯಸ್ಥರ ಮುಂದೇನೇ ಇತ್ಯರ್ಥ ಆಗ್ಬೇಕು."

"ಸಾಸೇಜು?" ಎಂದಳು ಜಡ್ಜ್.

"ಒಪ್ಪಂದದಲ್ಲಿ 'ಯಾವುದೇ ತಕರಾರು' ಅಂತ ಇದೆ, ಯುವರ್ ಆನರ್."

"ಹೋಟೆಲಲ್ಲಿ?"

"ಹೋಟೆಲಲ್ಲಿ."

"ತಿಂಡಿ ಕೊಡ್ತಾರಾ ಅಲ್ಲಿ?" ಎಂದು ಒಪಲ್ ಕೇಳಿದಳು. ಅವಳಿಗೆ ಆ ಏರ್ಪಾಡು ಹಿಡಿಸಿದಂತಿತ್ತು.

ಜಡ್ಜ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಆಕ್ಷೇಪಣೆಯನ್ನು ತಳ್ಳಿಹಾಕಿದಳು. ಟ್ಯಾಬ್ ತರಿಸಿ, "ಮಿಸ್ ಟಬ್ಸ್, ಸಹಿ ಮಾಡಿ ತೋರಿಸಿ," ಎಂದಳು. ವರ್ಲೀನ್ ಬೆರಳೊತ್ತಿದಳು. ಖಾಲಿ. ಮತ್ತೆ ಒತ್ತಿದಳು. ಖಾಲಿ. ಜಡ್ಜ್ ತಾನೇ ಒತ್ತಿದಳು, ಗೆರೆ ಬಿತ್ತು. ಕ್ವಿಲ್ ಒತ್ತಿದ, ಗೆರೆ ಬಿತ್ತು. ಕೋರ್ಟಿನ ಜವಾನ ಒತ್ತಿದ, ಅವನದೂ ಬಿತ್ತು. ಯಂತ್ರಕ್ಕೆ ಇಡೀ ಊರು ಕಾಣುತ್ತಿತ್ತು, ಅವಳೊಬ್ಬಳು ಕಾಣುತ್ತಿರಲಿಲ್ಲ.

"ಸಾಸೇಜ್ ಬೇಕು," ಎಂದಳು ವರ್ಲೀನ್.

"ಸಾಸೇಜಿಂದ ಸಹಿ ಬೀಳತ್ತೆ ಅನ್ನೋದೇ ಹಾಸ್ಯಾಸ್ಪದ," ಎಂದ ಹಾಲ್‌ಬ್ರುಕ್. "ನಮ್ಮ ಯಂತ್ರ ಅತ್ಯಾಧುನಿಕವಾದದ್ದು."

ಜವಾನ ಕೆಮ್ಮಿದ. ಅವನ ಮಧ್ಯಾಹ್ನದ ಊಟಕ್ಕೆ ಪೆಟ್ರೋಲ್ ಬಂಕಿನಿಂದ ಕಟ್ಟಿಸಿಕೊಂಡಿದ್ದ ಪೊಟ್ಟಣವಿತ್ತು. ಅದರೊಳಗೆ ಎರಡು ಸಾಸೇಜಿದ್ದವು. ಜಡ್ಜ್ ಕಣ್ಣಲ್ಲೇ ಕೇಳಿದಳು, ಅವನು ಮನಸ್ಸಿಲ್ಲದ ಮನಸ್ಸಿನಿಂದ ಒಂದನ್ನು ಕೊಟ್ಟ. ವರ್ಲೀನ್ ಅದನ್ನು ಮುಷ್ಟಿಯಲ್ಲಿ ಹಿಡಿದು ಗಾಜಿಗೆ ಒತ್ತಿದಳು. ಗೆರೆ ಬಿತ್ತು. ಗೆರೆ ಮೇಲೆ ಹೋಯಿತು, ಜಾರಿತು, ಅಡ್ಡ ಬಿತ್ತು, ಪರದೆಯ ಅಂಚಿಗೆ ಹೋಗಿ ಸತ್ತಿತು. ಕೋಳಿ ಕೆದಕಿದ ಹಾಗಿತ್ತು. ಪಕ್ಕದಲ್ಲಿ ಕಂಪನಿಯ ಪ್ರತಿ ಇತ್ತು, ದುಂಡನೆಯ ಸಹಿ, ಬಳ್ಳಿ, ಸುರುಳಿ.

"ವಯಸ್ಸಾದವರ ಕೈ," ಎಂದ ಹಾಲ್‌ಬ್ರುಕ್. "ಒಂದೊಂದು ದಿನ ಒಂದೊಂದು ಥರ ಇರತ್ತೆ. ಆವತ್ತು ಅವರ ಆರೋಗ್ಯ ಚೆನ್ನಾಗಿತ್ತು. ಎರಡೂ ಕಾಲಿತ್ತು."

ಬಾಯಿ ತಪ್ಪಿ ಬಂತೋ ಏನೋ. ಬಂದದ್ದು ಬಂತು.

ವರ್ಲೀನಳ ಮೈ ಉರಿದುಹೋಯಿತು. ಸ್ಕರ್ಟು ಸರಿಸಿ, ಎರಡೂ ಕೈಯಲ್ಲಿ ತೊಡೆ ಹಿಡಿದು, ಮೊಂಡುಗಾಲನ್ನು ಮೇಜಿನ ಮೇಲೆ ಎತ್ತಿಟ್ಟಳು. ಸಾಸೇಜಿನ ಪಕ್ಕದಲ್ಲಿ. ಮೇಜು ಸದ್ದಾಯಿತು.

"ಮಿಸ್ ಟಬ್ಸ್, ದಯವಿಟ್ಟು ಕಾಲು ಕೆಳಗಿಡಿ," ಎಂದಳು ಜಡ್ಜ್. "ಕಾಲಿನ ವಿಚಾರ ಇವತ್ತಿಲ್ಲ."

"ಇಡಲ್ಲ, ಯುವರ್ ಆನರ್."

"ಮಿಸ್ ಟಬ್ಸ್."

"ಇಡಲ್ಲ. ಅವರು ಎತ್ತಿದ್ರು ಕಾಲಿನ ಮಾತು, ನಾನಲ್ಲ. ಆವತ್ತು ಎರಡಿತ್ತಂತೆ. ಇನ್ನೊಂದೆಲ್ಲಿ ಅಂತ ಕೇಳಿ. ಗಂಟೆ ಒತ್ತಿ ಒತ್ತಿ ನನ್ ಬೆರಳು ಸವೀತು. ಆ ಗಂಟೇಗೂ ನಾನ್ ಕಾಣ್ಲಿಲ್ವೇನೋ. ನನ್ ಮೂಗಿನ ಕೆಳಗೇ ನನ್ ಕಾಲು ಕೊಳೀತು. ನಾನ್ ಆ ವಾಸ್ನೆ ಕುಡ್ಕೊಂಡ್ ಮಲಗಿದ್ದೆ. ಈಗ ಹೋಟೆಲಲ್ಲಿ ಬಾಗಿಲ್ ಹಾಕ್ಕೊಂಡ್ ಪಿಸುಪಿಸು ಮಾತಾಡ್ಬೇಕಾ? ನಮ್ಮಮ್ಮನ್ನ ಆ ಕಟ್ಟೆ ಹತ್ತೋಕೆ ಬಿಡ್ಲಿಲ್ಲ. ನಾನ್ ಹತ್ತಿದ್ದೆ. ಅದನ್ನ ಒಂದ್ ಸಾಸೇಜ್ ತೋರ್ಸಿ ಕಿತ್ಕೊಂಡ್ರು ಇವರು. ಅದೂ ಪಕ್ಕದವಳ ಸಾಸೇಜು!"

"ನಂದು," ಎಂದಳು ಒಪಲ್.

ವರ್ಲೀನ್ ಶಾಂಡ್ರಿಯಾಳ ಕಡೆ ತಿರುಗಿದಳು. ಗದರಲಿಲ್ಲ, ಬೇಡಲೂ ಇಲ್ಲ. "ನಿಮ್ಮಜ್ಜಿ ನನ್ ಪಕ್ಕ ನಿಂತಿದ್ಲು ಕಣೇ," ಎಂದಳು. "ಅವಳಿಗೆ ಕೈ ಸೋತ್ರೆ ಅವಳ ಮೀನೂ ನಾನೇ ಸುಲಿತಿದ್ದೆ. ಈ ಕೈ ನಿನಗೆ ಗೊತ್ತು. ಇದು ಬಳ್ಳಿ ಬರಿಯೋ ಕೈಯಾ?"

ಶಾಂಡ್ರಿಯಾ ಮೇಜಿನ ಮೇಲಿದ್ದ ಮೊಂಡುಗಾಲನ್ನು ನೋಡಿದಳು. ಕತ್ತರಿಸಿದ ಮೇಲೆ ಅವಳು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಕ್ವಿಲ್ ಅವಳ ತೋಳಿನ ಮೇಲೆ ಕೈಯಿಟ್ಟ. ಅವಳು ತೋಳು ಕೊಡವಿಕೊಂಡಳು.

"ನಾನೇ ಹಿಡಿದು ಬರೆದಿದ್ದು," ಎಂದಳು. "ಅವರ ಕೈ, ನನ್ ಬರಹ. ಎಲ್ರದೂ ನಾನೇ. ಬೆರಳಾಡದವ್ರು, ನಿದ್ದೇಲಿರೋವ್ರು, ತಮ್ ಹೆಸ್ರೇ ಮರೆತೋಗಿರೋವ್ರು. ಎಲ್ರದೂ ನನ್ ಬಳ್ಳೀನೇ. ಸಹಿ ಇಲ್ದಿದ್ರೆ ಬೆಡ್ ಇಲ್ಲ ಅಂತ ಹೇಳು ಅಂದ್ರು, ಹೇಳ್ದೆ. ಸುಳ್ಳು ಅಂತ ಗೊತ್ತಿತ್ತು. ನಂಗೂ ಕೆಲ್ಸ ಬೇಕಿತ್ತು."

ಕೊರಳಿಗೆ ನೇತುಹಾಕಿಕೊಂಡಿದ್ದ ಗುರುತಿನ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಕಾಲು, ಸಾಸೇಜು, ಚೀಟಿ. ಜಡ್ಜ್ ಮೂರನ್ನೂ ನೋಡಿದಳು. ಕಾಲು ಕೆಳಗಿಡಿ ಎಂದು ಮತ್ತೆ ಹೇಳಲಿಲ್ಲ.

"ಈ ರಾಜ್ಯದಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಸಹಿ ಹಾಕ್ಬೇಕಾದ್ರೆ ಅಧಿಕಾರಪತ್ರ ಬೇಕು," ಎಂದಳು. "ಮಿಸ್ ಟಬ್ಸ್ ಈ ಹುಡುಗಿಗೂ ಕೊಟ್ಟಿಲ್ಲ, ಸಾಸೇಜಿಗೂ ಕೊಟ್ಟಿಲ್ಲ. ಒಪ್ಪಂದವೇ ಆಗಿಲ್ಲ. ಕೇಸು ಇಲ್ಲೇ ನಡೆಯತ್ತೆ, ಜ್ಯೂರಿ ಮುಂದೆ."

ಹಿಂದಿನ ಬೆಂಚುಗಳಲ್ಲಿ ಯಾರೋ ದೇವರಿಗೆ ಸ್ತೋತ್ರ ಎಂದರು. ಶಾಂಡ್ರಿಯಾ ಗಾಲಿಕುರ್ಚಿಯ ಹತ್ತಿರ ಬಂದು ಕುಕ್ಕರಿಸಿದಳು. ಅಳುತ್ತಿದ್ದಳು.

"ಮಿಸ್ ವರ್ಲೀನ್, ನನ್ನ..."

"ಈಗ ಬೇಡ. ಮೊದಲು ಒಪಲ್‌ಗೊಂದು ಸಾಸೇಜ್ ಕೊಡ್ಸು," ಎಂದಳು ವರ್ಲೀನ್. "ಆಮೇಲ್ ನೋಡೋಣ." ಆದರೆ ಹುಡುಗಿಯ ತಲೆಯ ಮೇಲೆ ಕೊಕ್ಕೆ ಬೆರಳು ಇಟ್ಟಿದ್ದಳು, ತೆಗೆಯಲಿಲ್ಲ.

ಇಷ್ಟರಲ್ಲಿ ಕೋರ್ಟಿನ ಗುಮಾಸ್ತ ಓಡಿ ಬಂದ. ಆದೇಶ ತಲುಪಿದೆ ಎನ್ನುವುದಕ್ಕೆ ಎರಡೂ ಕಡೆಯವರ ಸಹಿ ಬೇಕು, ಮೊದಲು ಮಿಸ್ ಟಬ್ಸ್, ಅವರ ಕೆಳಗೆ ವಕೀಲರು. ಅವನ ಕೈಯಲ್ಲೂ ಒಂದು ಟ್ಯಾಬ್ ಇತ್ತು.

ಕೋರ್ಟೆಲ್ಲ ಅವನನ್ನೇ ನೋಡಿತು. ಅವನು ಜಡ್ಜ್ ಮುಖ ನೋಡಿದ. ಜವಾನ ತನ್ನ ಉಳಿದ ಸಾಸೇಜನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ಕಾಗದ ತಗೊಂಬಾಪ್ಪ," ಎಂದಳು ವರ್ಲೀನ್. "ಪೆನ್ನೂ ತಗೊಂಬಾ."

ಕಾಗದ ಹುಡುಕಿದರು, ಪೆನ್ನು ಹುಡುಕಿದರು. ವರ್ಲೀನ್ ಪೆನ್ನನ್ನು ಮುಷ್ಟಿಯೊಳಗೆ ತೂರಿಸಿ, ಇನ್ನೊಂದು ಕೈಯಿಂದ ಮುಷ್ಟಿಯನ್ನು ಬಿಗಿಹಿಡಿದು, ಕಾಗದದ ಮೇಲೆ ಬಗ್ಗಿದಳು. ಮೊದಲ ಅಕ್ಷರ ಶುರುವಾಯಿತು. ಅದು ಮುಗಿಯುವ ಸೂಚನೆಯೇ ಇರಲಿಲ್ಲ. ಹಾಲ್‌ಬ್ರುಕ್ ಚೀಲ ಹೆಗಲಿಗೆ ಹಾಕಿಕೊಂಡು ನಿಂತ. ವಾಚು ನೋಡಿದ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಅವನಿಗೆ ಎರಡಿದ್ದವಲ್ಲ.

"ಮ್ಯಾಮ್, ಇನ್ನೂ ಎಷ್ಟು ಹೊತ್ತಾಗತ್ತೆ? ನನಗೆ ಫ್ಲೈಟ್ ಇದೆ."

ವರ್ಲೀನ್ ತಲೆ ಎತ್ತಲಿಲ್ಲ.

"ಒಂದ್ ನಿಮಿಷ, ಬೇಬಿ," ಎಂದಳು. ಪೆನ್ನು ಕೆಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳತೊಡಗಿದಳು.